ಕೈತೋಟ ಪ್ರಶ್ನೋತ್ತರ: ಚಳಿ ಬರುವ ಮುಂಚೆ ಏನು ನೆಡೋಣ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ಬೇಸಿಗೆಯ ಹೂಗಳು ಮುಗಿಯುತ್ತಾ ಬಂದಿವೆ, ಚಳಿ ಇನ್ನೂ ಕಾಲಿಟ್ಟಿಲ್ಲ, ಈ ನಡುವೆ ಏನು ನೆಡಬಹುದು ಅಂತ. ನನಗೆ ವರ್ಷದಲ್ಲೇ ಅತಿ ಇಷ್ಟವಾದ ಕಾಲ ಇದು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಜಾಗವನ್ನೆಲ್ಲ ಇವಕ್ಕೇ ಕೊಟ್ಟಿದ್ದೇನೆ. ಇಲ್ಲಿ ಹೇಳುವುದು ಚಳಿಗಾಲದಲ್ಲಿ ಹಿಮ ಬೀಳುವ, ನೆಲ ಹೆಪ್ಪುಗಟ್ಟುವ ಕಡೆಗಳಿಗೆ. ಭೂಮಧ್ಯರೇಖೆಯ ಉತ್ತರಕ್ಕಿರುವವರಿಗೆ ಶರತ್ಕಾಲ ಎಂದರೆ ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣದವರಿಗೆ ಮಾರ್ಚ್‌ನಿಂದ ಮೇ. ಆದ್ದರಿಂದ ತಿಂಗಳ ಹೆಸರು ಬಿಟ್ಟು ಋತುವಿನ ಲೆಕ್ಕದಲ್ಲೇ ಮಾತಾಡೋಣ.

ಪ್ರಶ್ನೆ: ಮೇಡಂ, ಗಿಡ ನೆಡುವುದು ವಸಂತದಲ್ಲಿ ಅಂತ ಕೇಳಿದ್ದೆ. ಎಲೆ ಉದುರುವ ಹೊತ್ತಿನಲ್ಲಿ ಹೊಸ ಗಿಡ ನೆಟ್ಟರೆ ಚಳಿಗೆ ಸಾಯಲ್ವಾ?

ಉತ್ತರ: ಗಿಡ ಸರಿಯಾಗಿ ಆರಿಸಿ, ಹೊತ್ತಿಗೆ ಸರಿಯಾಗಿ ನೆಟ್ಟರೆ ಸಾಯುವುದಿಲ್ಲ. ಗಾಳಿ ತಣ್ಣಗಾದಷ್ಟು ಬೇಗ ಮಣ್ಣು ತಣ್ಣಗಾಗುವುದಿಲ್ಲ. ಬೇಸಿಗೆಯ ಕಾವು ಅದರಲ್ಲಿ ವಾರಗಟ್ಟಲೆ ಉಳಿದಿರುತ್ತದೆ. ಮೇಲೆ ಎಲೆ ಚಿಗುರುವುದು ನಿಂತರೂ ಕೆಳಗೆ ಬೇರು ಬೆಳೆಯುತ್ತಲೇ ಇರುತ್ತದೆ. ಬಿಸಿಲು ಇಳಿದಿರುವುದರಿಂದ ಎಲೆಯಿಂದ ಆರಿಹೋಗುವ ನೀರೂ ಕಡಿಮೆ. ಅಂದರೆ ಗಿಡಕ್ಕೆ ಈಗ ಒಂದೇ ಕೆಲಸ, ಬೇರು ಬಿಡುವುದು. ವಸಂತದಲ್ಲಿ ನೆಟ್ಟ ಗಿಡಕ್ಕೆ ಆ ಬಿಡುವಿಲ್ಲ. ಬೇರು, ಎಲೆ, ಹೂ ಎಲ್ಲ ಒಟ್ಟಿಗೆ ನಿಭಾಯಿಸಬೇಕು, ಅಷ್ಟರಲ್ಲಿ ಬೇಸಿಗೆ ಬಂದುಬಿಡುತ್ತದೆ.

ನಿಮ್ಮ ಕಡೆ ನೆಲ ಹೆಪ್ಪುಗಟ್ಟುವುದು ಸಾಮಾನ್ಯವಾಗಿ ಯಾವಾಗ ಎಂದು ನೋಡಿಕೊಳ್ಳಿ. ಅಲ್ಲಿಂದ 6 ವಾರ ಹಿಂದಕ್ಕೆ ಎಣಿಸಿ. ಆ ದಿನದೊಳಗೆ ಗಿಡ ನೆಲಕ್ಕೆ ಹೋಗಿರಲಿ. ಅದು ದಾಟಿದರೆ ಗಿಡವನ್ನು ಕುಂಡದಲ್ಲೇ ಗಾಳಿ ಬಡಿಯದ ಗೋಡೆ ಪಕ್ಕ ಇಟ್ಟು, ಸುತ್ತ ಒಣ ಎಲೆ ತುಂಬಿ, ವಸಂತದಲ್ಲಿ ನೆಡಿ.

ಎಲ್ಲ ಗಿಡಕ್ಕೂ ಈ ಮಾತು ಹೊಂದುವುದಿಲ್ಲ. ಲ್ಯಾವೆಂಡರ್, ಗೌರಾ, ಅಗಸ್ಟಾಶೆ, ಚಳಿ ತಡೆಯದ ಜಾತಿಯ ಸಾಲ್ವಿಯಾ, ಇವೆಲ್ಲ ಒಣ ಬೆಚ್ಚನೆ ಜಾಗದವು. ಬೇರು ಕೂರುವ ಮುಂಚೆ ಚಳಿಯೂ ತೇವವೂ ಒಟ್ಟಿಗೆ ಹಿಡಿದರೆ ಕೊಳೆಯುತ್ತವೆ. ಇವನ್ನು ವಸಂತಕ್ಕೇ ಬಿಡಿ. ಪಿಯೋನಿ ಇದಕ್ಕೆ ತದ್ವಿರುದ್ಧ. ಅದಕ್ಕೆ ಶರತ್ಕಾಲವೇ ಸರಿ. ಅದರ ಗೆಡ್ಡೆಯ ಮೇಲೆ ಕೆಂಪು ಮೊಳಕೆ ಕಣ್ಣುಗಳಿರುತ್ತವೆ. ಆ ಕಣ್ಣುಗಳ ಮೇಲೆ 3ರಿಂದ 5 ಸೆಂ.ಮೀ.ಗಿಂತ ಜಾಸ್ತಿ ಮಣ್ಣು ಬೀಳದಂತೆ ನೋಡಿಕೊಳ್ಳಿ. ಆಳವಾಗಿ ಹೂತ ಪಿಯೋನಿ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ.

ಪ್ರಶ್ನೆ: ಪ್ರತಿ ವರ್ಷ ಈ ಕಾಲಕ್ಕೆ ಕುಂಡದ ತುಂಬ ಹೂವಿರುವ ಸೇವಂತಿಗೆ ತಂದು ನೆಲಕ್ಕೆ ಹಾಕುತ್ತೇನೆ. ವಸಂತದಲ್ಲಿ ನೋಡಿದರೆ ಒಂದೂ ಇರುವುದಿಲ್ಲ. ಲೇಬಲ್ ಮೇಲೆ ಮಾತ್ರ ‘ಚಳಿ ತಡೆಯುತ್ತದೆ’ ಅಂತ ಬರೆದಿರುತ್ತದೆ.

ಉತ್ತರ: ಲೇಬಲ್ ಸುಳ್ಳು ಹೇಳಿರಲಿಕ್ಕಿಲ್ಲ. ಆ ತಳಿ ಚಳಿ ತಡೆಯಬಹುದು, ಆದರೆ ನೀವು ತಂದ ಗಿಡ ತಡೆಯುವ ಸ್ಥಿತಿಯಲ್ಲಿರುವುದಿಲ್ಲ. ಮೈತುಂಬ ಹೂ ಬಿಟ್ಟ ಗಿಡ ತನ್ನ ಶಕ್ತಿಯನ್ನೆಲ್ಲ ಹೂವಿಗೆ ಸುರಿದಿರುತ್ತದೆ. ಹೊಸ ಮಣ್ಣಿಗೆ ಬೇರು ಚಾಚಲು ಅದಕ್ಕೆ ಏನೂ ಉಳಿದಿರುವುದಿಲ್ಲ. ಕುಂಡದಲ್ಲಿದ್ದ ಮಣ್ಣಿನ ಉಂಡೆ ನೆಲದೊಳಗೂ ಹಾಗೇ ಉಂಡೆಯಾಗಿ ಕೂತಿರುತ್ತದೆ. ಚಳಿ ಅದನ್ನು ಸುಲಭವಾಗಿ ಹಿಡಿಯುತ್ತದೆ.

ಈ ಕಾಲದಲ್ಲಿ ಗಿಡ ಕೊಳ್ಳುವವರಿಗೆಲ್ಲ ನಾನು ಹೇಳುವುದು ಇದನ್ನೇ. ಹೂವಿಗೆ ಮರುಳಾಗಬೇಡಿ, ಬೇರು ನೋಡಿ. ಅಂಗಡಿಯವರನ್ನು ಕೇಳಿ, ಕುಂಡವನ್ನು ಬೋರಲು ಹಾಕಿ, ಗಿಡವನ್ನು ಮೆಲ್ಲಗೆ ಹೊರಗೆ ಜಾರಿಸಿ. ಬೇರು ಬಿಳಿಯಾಗಿ ಅಥವಾ ತಿಳಿ ಕಂದಾಗಿ, ಮುಟ್ಟಿದರೆ ಗಟ್ಟಿಯಾಗಿರಬೇಕು. ಕಪ್ಪಗೆ ಮೆತ್ತಗಾಗಿ, ವಾಸನೆ ಬರುತ್ತಿದ್ದರೆ ಬಿಟ್ಟುಬಿಡಿ. ಬೇರು ತಳದಲ್ಲಿ ಒಂದೇ ಸಮನೆ ಸುತ್ತು ಸುತ್ತಿಕೊಂಡಿದ್ದರೆ ಪರವಾಗಿಲ್ಲ, ಆದರೆ ನೆಡುವಾಗ ಬೆರಳಿನಿಂದ ಆ ಸುತ್ತು ಬಿಡಿಸಲೇಬೇಕು. ಬಿಡಿಸದಿದ್ದರೆ ಅದು ವರ್ಷ ಕಳೆದರೂ ಕುಂಡದ ಆಕಾರದಲ್ಲೇ ಸುತ್ತುತ್ತಿರುತ್ತದೆ. ಆಮೇಲೆ ಬುಡ ನೋಡಿ. ಹೂವಿನ ಕಾಂಡದ ಪಕ್ಕದಲ್ಲೇ ಮಣ್ಣಿನಿಂದ ಚಿಕ್ಕ ಚಿಕ್ಕ ಹಸಿರು ಚಿಗುರು ಎದ್ದಿವೆಯಾ? ಅವೇ ಮುಂದಿನ ವರ್ಷದ ಗಿಡ. ಅಂಥ ಚಿಗುರಿರುವ, ಹೂ ಬಾಡಿದ ಗಿಡ ಸಿಕ್ಕರೆ ನಾನು ಖುಷಿಯಿಂದ ತರುತ್ತೇನೆ. ಚಿಗುರಿಲ್ಲದೆ ಬರೀ ಹೂವಿರುವುದನ್ನು ಈ ತಿಂಗಳ ಅಲಂಕಾರಕ್ಕೆ ಅಂತಲೇ ತನ್ನಿ, ಕುಂಡದಲ್ಲೇ ಇಡಿ.

ಸೇವಂತಿಗೆ ನೆಲದಲ್ಲೇ ನಿಲ್ಲಬೇಕು ಅಂತಿದ್ದರೆ ವಸಂತದಲ್ಲಿ ಎಳೆ ಗಿಡ ನೆಟ್ಟು, ಕುಡಿ ಚಿವುಟುತ್ತಾ ಬನ್ನಿ. ಬೇಸಿಗೆಯ ನಡುವಿನ ಹೊತ್ತಿಗೆ ಚಿವುಟುವುದು ನಿಲ್ಲಿಸಿ. ಚಳಿ ಬರುವಾಗ ಒಣಗಿದ ಕಾಂಡ ಕತ್ತರಿಸದೆ ಹಾಗೇ ಬಿಡಿ. ಬುಡದ ಚಿಗುರಿಗೆ ಅದೇ ಹೊದಿಕೆ.

ಪ್ರಶ್ನೆ: ಅಕ್ಕಾ, ನನ್ನ ಸೇವಂತಿಗೆ ಸಾಯುವುದಿಲ್ಲ, ಸೊಂಪಾಗಿ ಬೆಳೆಯುತ್ತದೆ. ಆದರೆ ಮೊಗ್ಗೇ ಇಲ್ಲ. ಗೇಟಿನ ಪಕ್ಕ, ಬೀದಿದೀಪದ ಕೆಳಗೆ ನೆಟ್ಟಿದ್ದೇನೆ. ಗೊಬ್ಬರ ಕಡಿಮೆಯಾಯಿತಾ?

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ ತಂಗಿ, ಆ ಬೀದಿದೀಪ. ಸೇವಂತಿಗೆ ಹೂ ಬಿಡಲು ರಾತ್ರಿ ಉದ್ದವಾಗಬೇಕು, ಆ ರಾತ್ರಿ ಕತ್ತಲೆಯಾಗಿಯೇ ಇರಬೇಕು. ಗಿಡಗಳು ಹಗಲು ರಾತ್ರಿಯ ಉದ್ದ ಅಳೆದು ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ತೋರಿಸಿಕೊಟ್ಟರು. ಹೂವಿನ ಬೆಳೆಗಾರರು ಇದನ್ನೇ ಬಳಸಿಕೊಂಡು, ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಕಿ ಸೇವಂತಿಗೆ ಅರಳುವುದನ್ನು ಬೇಕಾದಷ್ಟು ದಿನ ಮುಂದೂಡುತ್ತಾರೆ. ನಿಮ್ಮ ಗೇಟಿನ ದೀಪ ಅದೇ ಕೆಲಸ ಮಾಡುತ್ತಿದೆ. ಗಿಡವನ್ನು ರಾತ್ರಿ ಪೂರ್ತಿ ಕತ್ತಲಿರುವ ಮೂಲೆಗೆ ಸಾಗಿಸಿ. ದೀಪದ ಕೆಳಗಿನ ಜಾಗಕ್ಕೆ ಸೆಡಮ್ ಹಾಕಿ, ಅದು ಬೇಸಿಗೆಯ ಉದ್ದ ಹಗಲಿನಲ್ಲೇ ಮೊಗ್ಗು ಕಟ್ಟುವ ಗಿಡ.

ಪ್ರಶ್ನೆ: ಈಗ ಎಲ್ಲರ ತೋಟದಲ್ಲೂ ಅಲಂಕಾರದ ಹುಲ್ಲು ಕಾಣುತ್ತಿದೆ. ನನಗೂ ಆಸೆ. ಯಾವುದು ತರಲಿ? ಈಗಲೇ ನೆಡಬಹುದಾ?

ಉತ್ತರ: ಹುಲ್ಲಿಲ್ಲದ ಶರತ್ಕಾಲದ ತೋಟ ನನಗೆ ಅರ್ಧ ತೋಟ. ಹೂವಿಗೆ ಬಣ್ಣ ಕೊಡಲು ಬರುತ್ತದೆ, ಅಲುಗಾಡಲು ಅಷ್ಟಾಗಿ ಬರುವುದಿಲ್ಲ. ಇಳಿಬಿಸಿಲು ಹಿಂದಿನಿಂದ ಬಿದ್ದಾಗ ಹುಲ್ಲಿನ ತೆನೆಯ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಹೊಳೆಯುತ್ತದೆ. ಅದಕ್ಕೇ ನೆಡುವ ಜಾಗ ಮುಖ್ಯ. ನೀವು ಸಂಜೆ ಕೂರುವ ಜಾಗಕ್ಕೂ ಸೂರ್ಯ ಮುಳುಗುವ ದಿಕ್ಕಿಗೂ ನಡುವೆ ಹುಲ್ಲು ಬರುವ ಹಾಗೆ ನೆಡಿ.

ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಹುಲ್ಲಿನಲ್ಲಿ ಎರಡು ಪಂಗಡ. ಒಂದು ತಂಪಿನ ಕಾಲದಲ್ಲಿ ಬೆಳೆಯುವುದು. ವಸಂತದಲ್ಲಿ ಬೇಗ ಚಿಗುರುತ್ತದೆ, ನಡುಬೇಸಿಗೆಯಲ್ಲಿ ಸುಮ್ಮನಾಗುತ್ತದೆ, ಶರತ್ಕಾಲದಲ್ಲಿ ಮತ್ತೆ ಬೇರು ಬಿಡುತ್ತದೆ. ಕ್ಯಾಲಮಗ್ರಾಸ್ಟಿಸ್, ಡೆಷಾಂಪ್ಸಿಯಾ, ಫೆಸ್ಕ್ಯೂ, ಸೆಸ್ಲೇರಿಯಾ ಈ ಪಂಗಡದವು. ಇವನ್ನು ಈಗ ಧೈರ್ಯವಾಗಿ ನೆಡಿ. ಇನ್ನೊಂದು ಬಿಸಿಯಲ್ಲಿ ಬೆಳೆಯುವುದು. ಮಿಸ್ಕಾಂತಸ್, ಪ್ಯಾನಿಕಮ್, ಪೆನಿಸೆಟಮ್, ಸ್ಕಿಜಕೀರಿಯಂ. ಮಣ್ಣು ಬೆಚ್ಚಗಾಗುವವರೆಗೆ ಇವು ಏಳುವುದೇ ಇಲ್ಲ, ತಣ್ಣಗಾದ ಮೇಲೆ ಬೇರನ್ನೂ ಬಿಡುವುದಿಲ್ಲ. ಮಾರಾಟದ ತಮಾಷೆ ಏನೆಂದರೆ, ಇವು ತೆನೆ ಬಿಟ್ಟು ಚೆಂದ ಕಾಣುವುದೇ ಈಗ, ಅಂಗಡಿಯಲ್ಲಿ ಮುಂದಿಡುವುದೂ ಇವನ್ನೇ. ಈಗ ನೋಡಿ, ಹೆಸರು ಬರೆದುಕೊಳ್ಳಿ, ವಸಂತದ ಕೊನೆಗೆ ನೆಡಿ. ಬಿಟ್ಟು ಬರಲು ಮನಸ್ಸಾಗದಿದ್ದರೆ ಶರತ್ಕಾಲದ ಮೊದಲ ವಾರಗಳಲ್ಲೇ, ದೊಡ್ಡ ಕುಂಡದ ಗಟ್ಟಿ ಗಿಡವನ್ನೇ ತನ್ನಿ. ಬೇರು ಸೀಳಿ ಪಾಲು ಮಾಡಿದ ಗಿಡವನ್ನಂತೂ ಈಗ ಮುಟ್ಟಬೇಡಿ.

ಒಂದೇ ಒಂದು ಹುಲ್ಲು ಹೇಳಿ ಎಂದರೆ ಕ್ಯಾಲಮಗ್ರಾಸ್ಟಿಸ್ ‘ಕಾರ್ಲ್ ಫೋರ್ಸ್ಟರ್’ ಎನ್ನುತ್ತೇನೆ. ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ನರ್ಸರಿ ನಡೆಸುತ್ತಿದ್ದ ಕಾರ್ಲ್ ಫೋರ್ಸ್ಟರ್ (1874–1970) ಅವರ ಹೆಸರಿನ ತಳಿ. ಹುಲ್ಲಿಗೂ ಹೂದೋಟದಲ್ಲಿ ಜಾಗವಿದೆ ಎಂದು ಬದುಕಿಡೀ ಹೇಳಿದ ಮನುಷ್ಯ. ಈ ಹುಲ್ಲು ಆಳೆತ್ತರಕ್ಕೆ ನೆಟ್ಟಗೆ ನಿಲ್ಲುತ್ತದೆ, ಜಾಗ ಬಹಳ ಕಡಿಮೆ ಕೇಳುತ್ತದೆ. ಬೇಸಿಗೆ ಶುರುವಿನಲ್ಲಿ ನಸುಗೆಂಪು ತೆನೆ ಬಿಟ್ಟು, ಆಮೇಲೆ ಗೋಧಿ ಬಣ್ಣಕ್ಕೆ ತಿರುಗಿ, ಚಳಿಗಾಲ ಕಳೆಯುವವರೆಗೂ ಹಾಗೇ ಇರುತ್ತದೆ. ಬೀಜ ಮೊಳೆಯುವುದಿಲ್ಲ, ಆದ್ದರಿಂದ ತೋಟದ ತುಂಬ ಹರಡುವ ಭಯವಿಲ್ಲ. 2001ರಲ್ಲಿ ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ ಇದನ್ನು ವರ್ಷದ ಗಿಡವಾಗಿ ಆರಿಸಿತ್ತು.

ಎತ್ತರದ್ದು ಬೇಡ, ಅರೆನೆರಳಿದೆ ಎನ್ನುವವರು ಸೆಸ್ಲೇರಿಯಾ ಆಟಮ್ನಾಲಿಸ್ ನೋಡಿ. ಯಾರೂ ಅಷ್ಟಾಗಿ ಕೇಳುವುದಿಲ್ಲ, ಅದು ನನಗೆ ಬೇಜಾರು. ಮೊಣಕಾಲೆತ್ತರ, ಹಳದಿ ಬೆರೆತ ಹಸಿರು, ಶರತ್ಕಾಲದಲ್ಲೇ ಬೆಳ್ಳನೆ ತೆನೆ. ಎಂಥ ಹೂವಿನ ಬುಡಕ್ಕೂ ಹೊಂದುತ್ತದೆ.

ಮಿಸ್ಕಾಂತಸ್ ಕಬ್ಬಿನ ಹತ್ತಿರದ ಬಂಧು. ತೆನೆ ನೋಡಿದರೆ ಸೂಲಂಗಿಯ ನೆನಪು ಬಂದೇ ಬರುತ್ತದೆ. ಹಳೆಯ ತಳಿಗಳಿಗೆ ಉದ್ದನೆಯ ಬಿಸಿ ಬೇಸಿಗೆ ಬೇಕಿತ್ತು. ತಂಪು ದೇಶಗಳಲ್ಲಿ ತೆನೆ ಬರುವ ಮುಂಚೆ ಚಳಿ ಬರುತ್ತಿತ್ತು. ಜರ್ಮನಿಯ ಲೇರ್ ಊರಿನ ಅರ್ನ್ಸ್ಟ್ ಪಾಗೆಲ್ಸ್ ಎಂಬ ನರ್ಸರಿಯವರು ಬೇಗ ತೆನೆ ಬಿಡುವ ತಳಿಗಳನ್ನು ತೆಗೆದ ಮೇಲೆ ಅಲ್ಲೆಲ್ಲ ಇದು ಹಬ್ಬಿತು. ‘ಮಾಲೆಪಾರ್ಟಸ್’, ‘ಕ್ಲೈನೆ ಫೊಂಟೇನೆ’ ಅವರವೇ. ಬೇಸಿಗೆ ಚಿಕ್ಕದಿರುವವರು ಇಂಥ ಹೆಸರನ್ನೇ ಕೇಳಿ ತನ್ನಿ.

ಇನ್ನೊಂದು ಎಚ್ಚರ. ಕೆನ್ನೇರಳೆ ಎಲೆಯ ಪೆನಿಸೆಟಮ್ ಹಿಮಕ್ಕೆ ಸಾಯುವ ಜಾತಿ, ಒಂದೇ ಋತುವಿನ ಗಿಡ ಅಂತ ತಿಳಿದೇ ಕೊಳ್ಳಿ. ವರ್ಷ ವರ್ಷ ಬರಬೇಕಾದರೆ ‘ಹಾಮೆಲ್ನ್’ ತಳಿ. ಪಾಂಪಾಸ್ ಹುಲ್ಲು ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್‌ಗಳಲ್ಲಿ ಕಾಡಿಗೆ ನುಗ್ಗಿ ದೊಡ್ಡ ಕಳೆಯಾಗಿದೆ. ಮಿಸ್ಕಾಂತಸ್ ಕೂಡ ಕೆಲವು ಕಡೆ ಬೀಜದಿಂದ ಹರಡುತ್ತದೆ. ನೀವಿರುವ ಕಡೆ ಯಾವುದಕ್ಕೆ ನಿಷೇಧವಿದೆ ಎಂದು ವಿಚಾರಿಸಿಯೇ ತನ್ನಿ. ಬೇಲಿಯಾಚೆ ಹಾರಿದ ಬೀಜವನ್ನು ಯಾರೂ ವಾಪಸ್ ತರಲಾಗದು.

ಪ್ರಶ್ನೆ: ಒಣಗಿದ ಹುಲ್ಲು, ಹೂವಿನ ಕಾಂಡಗಳನ್ನು ಈಗಲೇ ಕತ್ತರಿಸಿ ತೋಟ ಚೊಕ್ಕ ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಬೀಜ ಹಕ್ಕಿಗಳಿಗೆ ಬೇಕು, ಪೊಳ್ಳು ಕಾಂಡದೊಳಗೆ ಚಿಕ್ಕ ಜೇನುಗಳು ಚಳಿ ಕಳೆಯುತ್ತವೆ. ಚಳಿಗಾಲದ ಕೊನೆಗೆ, ಹೊಸ ಚಿಗುರು ಏಳುವ ಮುಂಚೆ ಕತ್ತರಿಸಿ. ನೀಲಿ ಫೆಸ್ಕ್ಯೂವನ್ನು ಆಗಲೂ ಬುಡಕ್ಕೆ ಕತ್ತರಿಸಬೇಡಿ, ಕೈಗವಸು ಹಾಕಿ ಬೆರಳಲ್ಲೇ ಬಾಚಿ ಒಣಗಿದ್ದನ್ನು ತೆಗೆಯಿರಿ. ರೋಗ ಬಂದ ಎಲೆಗಳನ್ನು ಮಾತ್ರ ಈಗಲೇ ತೆಗೆದುಹಾಕಿ.

ಪ್ರಶ್ನೆ: ಆಸ್ಟರ್ ಎಲೆಗಳ ಮೇಲೆ ಪ್ರತಿ ವರ್ಷ ಬೂದಿ ಬಳಿದ ಹಾಗೆ ಆಗುತ್ತದೆ. ಔಷಧಿ ಹೊಡೆದು ಸಾಕಾಗಿದೆ. ಆಸ್ಟರ್ ಬಿಟ್ಟೇಬಿಡಲಾ?

ಉತ್ತರ: ಬಿಡಬೇಡಿ, ಜಾತಿ ಬದಲಾಯಿಸಿ. ನಿಮ್ಮಲ್ಲಿರುವುದು ನೋವಿ-ಬೆಲ್ಗಿ ಎಂಬ ಜಾತಿಯ ಆಸ್ಟರ್ ಇರಬೇಕು. ಬೂದಿ ರೋಗ ಜಾಸ್ತಿ ಅದಕ್ಕೇ. ಎಲೆ ಮುಟ್ಟಿ ನೋಡಿ. ನುಣುಪಾಗಿದ್ದರೆ ಅದೇ. ನೋವೆ-ಆಂಗ್ಲಿಯೆ ಎಂಬ ಇನ್ನೊಂದು ಜಾತಿಯ ಎಲೆಯಲ್ಲಿ ಸಣ್ಣ ಕೂದಲಿದ್ದು ಒರಟಾಗಿರುತ್ತದೆ, ಅದಕ್ಕೆ ಬೂದಿ ರೋಗ ತೀರಾ ಕಡಿಮೆ. ಅಲ್ಲಿ ‘ಆಲ್ಮಾ ಪಾಟ್ಶ್ಕೆ’ ತಳಿಯ ಗಾಢ ಗುಲಾಬಿ ಬಣ್ಣ ದೂರದಿಂದಲೇ ಕರೆಯುತ್ತದೆ. ಅದರ ಕೆಳಗಿನ ಎಲೆಗಳು ಹೂ ಬರುವ ಹೊತ್ತಿಗೆ ಒಣಗುತ್ತವೆ. ಅದು ರೋಗವಲ್ಲ. ಮುಂದೆ ಒಂದು ಸಾಲು ಗಿಡ್ಡ ಗಿಡ ಹಾಕಿ, ಕಾಣುವುದಿಲ್ಲ. ನೀಲಿ ಬೇಕಾದರೆ ‘ಲಿಟಲ್ ಕಾರ್ಲೋ’. ಲೇಬಲ್ಲಿನಲ್ಲಿ ಆಸ್ಟರ್ ಬದಲು ‘ಸಿಂಫಿಯೋಟ್ರೈಕಮ್’ ಅಂತಿದ್ದರೆ ಗಾಬರಿ ಬೇಡ, ಇವೇ ಗಿಡಗಳು.

‘ಮೋಂಕ್’ ಎಂಬ ತಳಿಯೂ ಬಹಳ ಒಳ್ಳೆಯದು. ಸ್ವಿಟ್ಜರ್ಲೆಂಡಿನ ಫ್ರಿಕಾರ್ಟ್ ಎಂಬ ತಳಿಗಾರರು ತಮ್ಮ ಆಸ್ಟರ್‌ಗಳಿಗೆ ಆಲ್ಪ್ಸ್ ಪರ್ವತಗಳ ಹೆಸರಿಟ್ಟರು. ಐಗರ್, ಮೋಂಕ್, ಯುಂಗ್‌ಫ್ರೌ ಅಂತ. ಬೂದಿ ರೋಗ ಇದರ ಹತ್ತಿರ ಸುಳಿಯುವುದಿಲ್ಲ, ತಿಂಗಳುಗಟ್ಟಲೆ ಹೂ ಬಿಡುತ್ತದೆ. ಆದರೆ ಇದನ್ನು ವಸಂತದಲ್ಲೇ ನೆಡಬೇಕು. ಒದ್ದೆ ಚಳಿಯಲ್ಲಿ ಹೊಸ ಗಿಡ ಉಳಿಯುವುದು ಕಷ್ಟ.

ಪ್ರಶ್ನೆ: ನಮ್ಮದು ಎರೆಮಣ್ಣು, ಮಳೆ ಬಂದರೆ ನೀರು ನಿಲ್ಲುತ್ತದೆ. ಸೆಡಮ್ ನೆಟ್ಟೆ, ಹೂ ಬರುವಾಗ ಗಿಡ ನಡುವೆ ಸೀಳಿ ನಾಲ್ಕೂ ಕಡೆ ಮಲಗುತ್ತದೆ.

ಉತ್ತರ: ಸೆಡಮ್ ಮಲಗುವುದು ಮಣ್ಣು ಸಾರವಾಗಿದ್ದರೆ, ಇಲ್ಲವೇ ನೆರಳಿದ್ದರೆ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು, ಬಡ ಮಣ್ಣಿನಲ್ಲಿ ಗಟ್ಟಿಯಾಗುತ್ತದೆ. ಗೊಬ್ಬರ ಪೂರ್ತಿ ನಿಲ್ಲಿಸಿ. ಬೇಸಿಗೆ ಶುರುವಾಗುವಾಗ ಕಾಂಡಗಳನ್ನು ಅರ್ಧಕ್ಕೆ ಕತ್ತರಿಸಿ. ಹೂಗೊಂಚಲು ಚಿಕ್ಕದಾಗುತ್ತದೆ, ಆದರೆ ಸಂಖ್ಯೆ ಜಾಸ್ತಿಯಾಗುತ್ತದೆ, ಗಿಡ ನೆಟ್ಟಗೆ ನಿಲ್ಲುತ್ತದೆ. ತಳಿ ಆರಿಸುವುದಾದರೆ ಜರ್ಮನಿಯ ಆರೆಂಡ್ಸ್ ನರ್ಸರಿಯಿಂದ 1955ರಲ್ಲಿ ಬಂದ ‘ಹೆರ್ಬ್ಸ್ಟ್‌ಫ್ರಾಯ್ಡ’. ‘ಆಟಮ್ ಜಾಯ್’ ಹೆಸರಲ್ಲೂ ಸಿಗುತ್ತದೆ. ಮೊಗ್ಗಿನಲ್ಲಿ ತಿಳಿ ಹಸಿರು, ಅರಳಿದಾಗ ಗುಲಾಬಿ, ಆಮೇಲೆ ಇಟ್ಟಿಗೆಗೆಂಪು, ಕೊನೆಗೆ ತುಕ್ಕಿನ ಕಂದು. ಹೂ ಕಂದಾಗುವಾಗ ಬಗ್ಗಿ ಬುಡ ನೋಡಿ. ಮಣ್ಣಿಗೆ ಅಂಟಿಕೊಂಡ ಹಾಗೆ ಮುಂದಿನ ವರ್ಷದ ಹಸಿರು ಗುಂಡು ಚಿಗುರುಗಳು ಆಗಲೇ ಬಂದಿರುತ್ತವೆ.

ನೀರು ನಿಲ್ಲುವುದಕ್ಕೆ ಪರಿಹಾರ ಬೇರೆ. ಚಳಿಗಿಂತ ಚಳಿಗಾಲದ ನೀರು ಕೊಲ್ಲುವ ಗಿಡಗಳೇ ಜಾಸ್ತಿ. ಗುಣಿಗೆ ಮಾತ್ರ ಒಳ್ಳೆ ಮಣ್ಣು ತುಂಬಿದರೆ ಎರೆಮಣ್ಣಿನ ನಡುವೆ ಅದು ನೀರಿನ ತೊಟ್ಟಿಯಾಗುತ್ತದೆ. ಇಡೀ ಮಡಿಯನ್ನೇ ಎಲೆಗೊಬ್ಬರ ಬೆರೆಸಿ ಗೇಣೆತ್ತರ ಏರಿಸಿ. ಸೆಡಮ್ ಆ ದಿಬ್ಬದ ಮೇಲಿರಲಿ. ತಗ್ಗಿನಲ್ಲಿ ಪ್ಯಾನಿಕಮ್ ಅಥವಾ ನೋವೆ-ಆಂಗ್ಲಿಯೆ ಆಸ್ಟರ್ ಹಾಕಿ, ಅವು ತೇವ ತಾಳಿಕೊಳ್ಳುತ್ತವೆ.

ಪ್ರಶ್ನೆ: ನೆಡುವಾಗ ಎಷ್ಟು ಗೊಬ್ಬರ ಹಾಕಲಿ?

ಉತ್ತರ: ಈಗ ಬೇಡ. ಸಾರಜನಕ ಸಿಕ್ಕರೆ ಎಳೆ ಚಿಗುರು ಬರುತ್ತದೆ, ಮೊದಲ ಹಿಮಕ್ಕೇ ಸುಟ್ಟುಹೋಗುತ್ತದೆ. ನೀರು ಮಾತ್ರ ಮರೆಯಬೇಡಿ. ನೆಲ ಹೆಪ್ಪುಗಟ್ಟುವವರೆಗೂ ಬೆರಳು ಊರಿ ನೋಡಿ, ಒಣಗಿದ್ದರೆ ಹಾಕಿ.

ಪ್ರಶ್ನೆ: ಮನೆಯ ಹಿಂದೆ ಮರದ ನೆರಳು. ಶರತ್ಕಾಲದ ಹೂ ಅಲ್ಲಿ ಬರುತ್ತದಾ?

ಉತ್ತರ: ಬರುತ್ತದೆ. ಜಪಾನಿ ಅನಿಮೋನ್ ಅರೆನೆರಳಿನ ರಾಣಿ. 1840ರ ದಶಕದಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಗಿಡ ಹುಡುಕುವವರು ಇದನ್ನು ಚೀನಾದ ಶಾಂಘೈನಲ್ಲಿ ಸಮಾಧಿಗಳ ನಡುವೆ ಕಂಡು ಇಂಗ್ಲೆಂಡಿಗೆ ಒಯ್ದರು. ಬಿಳಿಯ ‘ಒನೊರಿನ್ ಜೋಬೆರ್’ ತಳಿ 1858ರದ್ದು, ಇವತ್ತಿಗೂ ಅದನ್ನು ಮೀರಿಸಿದ್ದಿಲ್ಲ ಅಂತ ನನ್ನ ಅಭಿಪ್ರಾಯ. ಮೊದಲ ವರ್ಷ ಅದು ಏನೂ ಮಾಡದ ಹಾಗೆ ಕೂತಿರುತ್ತದೆ. ಕೀಳಬೇಡಿ, ಜಾಗ ಬದಲಿಸಬೇಡಿ. ಬೇರು ಕೂತ ಮೇಲೆ ತಾನೇ ಹರಡುತ್ತದೆ, ಆಗ ಸುತ್ತ ಕಡಿವಾಣ ಹಾಕಬೇಕಾಗುತ್ತದೆ. ಈಗ ನೆಟ್ಟರೆ ಮೊದಲ ಚಳಿಗೆ ಹೊದಿಕೆ ಕೊಡಿ.

ನಡೆದಾಡುವ ದಾರಿಯ ಅಂಚಿಗೆ ಟ್ರೈಸಿರ್ಟಿಸ್ ಹಾಕಿ. ದೂರದಿಂದ ಅದು ಕಾಣುವುದೇ ಇಲ್ಲ. ಹತ್ತಿರ ಕೂತು ನೋಡಿದರೆ ಬಿಳಿ ಎಸಳಿನ ಮೇಲೆಲ್ಲ ನೇರಳೆ ಚುಕ್ಕೆ, ನಡುವಿನ ಕಡ್ಡಿಯೂ ಕವಲೊಡೆದು ಅದರ ಮೇಲೂ ಚುಕ್ಕೆ.

ಪ್ರಶ್ನೆ: ಎಲೆಯೇ ಇಲ್ಲದೆ ನೆಲದಿಂದ ನೇರಳೆ ಹೂ ಎದ್ದಿದೆ. ಹಿಂದಿನ ಮನೆಯವರು ನೆಟ್ಟಿದ್ದಂತೆ. ಕೇಸರಿ ಹೂ ಅಂತ ಪಕ್ಕದವರು ಹೇಳುತ್ತಾರೆ. ಎಳೆ ಬಿಡಿಸಿ ಬಳಸಬಹುದಾ?

ಉತ್ತರ: ಈ ಪತ್ರ ಬರೆದದ್ದು ಒಳ್ಳೆಯದಾಯಿತು. ಮುಟ್ಟಬೇಡಿ, ಮೊದಲು ಎಣಿಸಿ. ಹೂವಿನೊಳಗೆ ಹಳದಿ ಪುಡಿ ಹೊತ್ತ ಕಡ್ಡಿಗಳಿರುತ್ತವೆ ಅಲ್ವಾ? ಅವು ಮೂರಿದ್ದರೆ ಕ್ರೋಕಸ್, ಆರಿದ್ದರೆ ಕಾಲ್ಚಿಕಮ್. ಕಾಲ್ಚಿಕಮ್ ಗಿಡದ ಎಲ್ಲ ಭಾಗವೂ ವಿಷ, ಜೀವಕ್ಕೇ ಅಪಾಯ. ನೀವು ಕಳಿಸಿದ ಚಿತ್ರದಲ್ಲಿ ಆರು ಸ್ಪಷ್ಟವಾಗಿ ಕಾಣುತ್ತಿವೆ. ಮೂರಿದ್ದರೂ ಅದು ಕೇಸರಿಯೇ ಆಗಬೇಕಿಲ್ಲ, ಶರತ್ಕಾಲದಲ್ಲಿ ಅರಳುವ ಬೇರೆ ಕ್ರೋಕಸ್‌ಗಳೂ ಇವೆ. ಕೇಸರಿ ಕ್ರೋಕಸ್‌ನಲ್ಲಿ ಆ ಮೂರರ ಜೊತೆ, ಎಸಳಿನಿಂದಾಚೆಗೂ ಜೋತುಬೀಳುವ ಮೂರು ಕಡುಗೆಂಪು ಎಳೆಗಳು ಇರುತ್ತವೆ. ಅಡುಗೆಗೆ ಕೇಸರಿ ಬೇಕಾದರೆ ಹೆಸರು ಖಚಿತವಿರುವ ಗೆಡ್ಡೆಯನ್ನು ಬೇಸಿಗೆಯ ಕೊನೆಗೆ ತಂದು, ನೀರು ಬಸಿಯುವ ಬಿಸಿಲು ಜಾಗದಲ್ಲಿ 10ರಿಂದ 15 ಸೆಂ.ಮೀ. ಆಳಕ್ಕೆ ನೆಡಿ.

ಹೂವಾಗಿ ಕಾಲ್ಚಿಕಮ್ ಬಲು ಚೆಂದ, ಕಿತ್ತುಹಾಕಬೇಕಿಲ್ಲ. ಪಕ್ಕದಲ್ಲಿ ಒಂದು ಹೆಸರಿನ ಫಲಕ ಊರಿ. ವಸಂತದಲ್ಲಿ ಅದಕ್ಕೆ ಅಗಲ ಎಲೆಗಳು ಬರುತ್ತವೆ, ಆಗ ಹೂವಿರುವುದಿಲ್ಲ. ಯಾರಾದರೂ ಅದನ್ನು ತಿನ್ನುವ ಸೊಪ್ಪು ಅಂದುಕೊಂಡಾರು. ಪುಟ್ಟ ಮಕ್ಕಳೋ ಸಾಕುಪ್ರಾಣಿಯೋ ಓಡಾಡುವ ಮನೆಯಾದರೆ ಮಾತ್ರ ಕೈಗವಸು ಹಾಕಿ, ಗೆಡ್ಡೆ ಸಮೇತ ಅಗೆದು ತೆಗೆಯಿರಿ.

ಪ್ರಶ್ನೆ: ಹೋದ ವರ್ಷ ನೆಟ್ಟ ಗಿಡಗಳು ಚಳಿ ಕಳೆಯುವಾಗ ಮಣ್ಣಿನಿಂದ ಮೇಲೆದ್ದು ಬೇರು ಕಾಣುತ್ತಿದ್ದವು. ಯಾರೋ ಕಿತ್ತ ಹಾಗೆ.

ಉತ್ತರ: ಯಾರೂ ಕಿತ್ತಿಲ್ಲ. ಮಣ್ಣಿನ ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಕರಗಿದಾಗ ಇಳಿಯುತ್ತದೆ. ರಾತ್ರಿ ಹೆಪ್ಪು, ಹಗಲು ಕರಗು ಎಂದು ಮತ್ತೆ ಮತ್ತೆ ಆದರೆ, ಬೇರು ಇನ್ನೂ ಹಿಡಿತ ಸಾಧಿಸದ ಗಿಡ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ. ತಡವಾಗಿ ನೆಟ್ಟ ಚಿಕ್ಕ ಗಿಡಗಳಿಗೇ ಇದು ಜಾಸ್ತಿ. ನೆಲ ಚೆನ್ನಾಗಿ ತಣ್ಣಗಾದ ಮೇಲೆ 5ರಿಂದ 8 ಸೆಂ.ಮೀ. ದಪ್ಪಕ್ಕೆ ಒಣ ಎಲೆಯ ಹೊದಿಕೆ ಹಾಕಿ. ಮಣ್ಣು ಬೆಚ್ಚಗಿಡಲು ಅಲ್ಲ, ತಣ್ಣಗಿದ್ದದ್ದು ತಣ್ಣಗೇ ಇರಲಿ ಅಂತ. ಗಿಡದ ನಡುಬುಡದ ಮೇಲೆ ಮಾತ್ರ ಎಲೆ ಗುಡ್ಡೆ ಹಾಕಬೇಡಿ, ಕೊಳೆಯುತ್ತದೆ. ಚಳಿಗಾಲದ ನಡುವೆ ಬಿಸಿಲು ಬಂದ ದಿನ ಒಂದು ಸುತ್ತು ಹೋಗಿ ಬನ್ನಿ. ಮೇಲೆದ್ದ ಗಿಡ ಕಂಡರೆ ಅಂಗೈಯಿಂದ ಮೆಲ್ಲಗೆ ಒತ್ತಿ ಕೂರಿಸಿ. ಮಣ್ಣು ಗಟ್ಟಿಯಾಗಿದ್ದರೆ ಒತ್ತಬೇಡಿ, ಕಂಡ ಬೇರಿನ ಮೇಲೆ ಒಂದು ಹಿಡಿ ಒಣಮಣ್ಣು ಹಾಕಿ, ಕರಗಿದ ಮೇಲೆ ಕೂರಿಸಿ.